ಅಲಿಯಬ್ಬನ ಕಬ್ಬಿಣದ ತಕ್ಕಡಿ

ಎಂಬತ್ತೆರಡು ಸಾವಿರದ ಎಂಟುನೂರು ರೂಪಾಯಿ ಇನ್ನೂ ಬಾಕಿ ಇದೆ. ಮಂಗಳೂರಿನಲ್ಲಿ ಮೀನಿನ ಬೋಟುಗಳು ನಿಲ್ಲುವ ದಕ್ಕೆಯ ಹಿಂದೆ, ಮಂಜುಗಡ್ಡೆ ಕಾರ್ಖಾನೆಗೆ ಒತ್ತಿಕೊಂಡಿರುವ ಶೆಡ್ಡಿನಲ್ಲಿ ಸಿಗಡಿ ಸುಲಿಯುವ ಇಪ್ಪತ್ತಮೂರು ಹೆಂಗಸರಿಗೆ ಸಲ್ಲಬೇಕಾದ ಕೂಲಿ ಅದು. ಸಿಗಡಿಯ ನೀರು ತಿಂದು ತಿಂದು ಅವರ ಬೆರಳ ತುದಿಗಳು ಬಿಳಿಚಿಕೊಂಡಿವೆ. ಕೂಲಿ ಬಂದಿಲ್ಲ. ಇಷ್ಟು ಬಾಕಿ ಇದೆ ಎಂದು ತೋರಿಸಿಕೊಟ್ಟದ್ದು ಒಂದು ಹಳೇ ಕಬ್ಬಿಣದ ತಕ್ಕಡಿ. ಆ ತಕ್ಕಡಿಯ ಯಜಮಾನ ಅಲಿಯಬ್ಬ. ಅವನ ಬದುಕನ್ನು ಹೇಳದೆ ಈ ಬಾಕಿಯ ಕತೆಯನ್ನು ಹೇಳಲು ಬರುವುದಿಲ್ಲ.

ಅಲಿಯಬ್ಬನಿಗೆ ಈಗ ಎಪ್ಪತ್ತೊಂದು. ಬಂದರಿನ ಒಳರಸ್ತೆಯಲ್ಲಿ, ಮೆಣಸು ಮಂಡಿಗಳ ನಡುವೆ, ಇಬ್ಬರು ನಿಂತರೆ ಮೂರನೆಯವನಿಗೆ ಜಾಗವಿಲ್ಲದಷ್ಟು ಚಿಕ್ಕ ಅಂಗಡಿ ಅವನದು. ತಕ್ಕಡಿ ರಿಪೇರಿ ಅವನ ಕಸುಬು. ಅಂಗಡಿಯ ಹಿಂಬಾಗಿಲು ದಾಟಿದರೆ ಮನೆ, ಬಾಗಿಲ ಹೊಸ್ತಿಲಲ್ಲಿ ಹೆಂಡತಿ ಖತೀಜಮ್ಮ. ಅವನ ತಂದೆ ಶುರು ಮಾಡಿದ ಕೆಲಸವಿದು. ಆಗೆಲ್ಲ ಮೆಣಸಿನವರು, ಕೊಬ್ಬರಿಯವರು, ಒಣಮೀನಿನವರು ಮಳೆಗಾಲ ಮುಗಿದ ಕೂಡಲೇ ತುಕ್ಕು ಹಿಡಿದ ತಕ್ಕಡಿಗಳನ್ನು ಹೊತ್ತು ತರುತ್ತಿದ್ದರು. ಅಂಗಡಿಯ ಮುಂದೆ ಸಾಲು ನಿಲ್ಲುತ್ತಿತ್ತು. ಡಿಜಿಟಲ್ ಮೆಷಿನು ಬಂದ ಮೇಲೆ ಸಾಲು ಕರಗಿತು. ಅಲಿಯಬ್ಬ ಅದಕ್ಕಾಗಿ ಯಾರನ್ನೂ ಬೈಯಲಿಲ್ಲ. ಅದೇ ಡಿಜಿಟಲ್ ಮೆಷಿನುಗಳಿಗೆ ಬ್ಯಾಟರಿ ಬದಲಿಸಿ, ಒಳಗೆ ಸತ್ತುಬಿದ್ದ ಜಿರಳೆ ತೆಗೆದು, ಹೊಟ್ಟೆ ಹೊರೆದುಕೊಂಡ.

ಆದರೆ ಅಂಗಡಿಯ ತೊಲೆಗೆ ತೂಗುಬಿದ್ದಿದ್ದ ತಂದೆಯ ತಕ್ಕಡಿಯನ್ನು ಮಾತ್ರ ಅವನು ಒಂದು ದಿನವೂ ಒರೆಸದೆ ಬಿಟ್ಟವನಲ್ಲ. ಒಂದು ಮೊಳಕ್ಕಿಂತ ಸ್ವಲ್ಪ ಉದ್ದದ ಕಬ್ಬಿಣದ ದಂಡ. ಅದರ ನಡುವೆ ಉಕ್ಕಿನ ಒಂದು ಅಲಗು, ಅಲಗಿನ ಮೇಲೆ ಇಡೀ ಭಾರ. ಎರಡು ಕಡೆ ಸರಪಳಿ, ಹಿತ್ತಾಳೆ ತಟ್ಟೆ. ಮೇಲೆ ಒಂದು ಮುಳ್ಳು. ಇಷ್ಟೇ. ವಯರಿಲ್ಲ, ಬ್ಯಾಟರಿಯಿಲ್ಲ. ಬಂದರಿನ ಉಪ್ಪುಗಾಳಿಗೆ ಅಕ್ಕಪಕ್ಕದ ಅಂಗಡಿಗಳ ಶಟರು ಮೂರು ಸಲ ಬದಲಾಯಿತು, ಇದು ಹಾಗೇ ಉಳಿಯಿತು. ಎರಡೂ ತಟ್ಟೆಗಳಲ್ಲಿ ಹತ್ತು ಹತ್ತು ಕಿಲೋ ಹೇರಿ, ಮುಳ್ಳು ನಿಂತ ಮೇಲೆ, ಒಂದು ಕಡೆ ಒಂದು ರೂಪಾಯಿಯ ನಾಣ್ಯ ಇಟ್ಟರೆ ಇಪ್ಪತ್ತು ಕಿಲೋ ಕಬ್ಬಿಣ ಎಚ್ಚರವಾಗಿ ಆ ಕಡೆಗೆ ತಲೆ ಬಾಗಿಸುತ್ತಿತ್ತು. ಅಲಿಯಬ್ಬ ಅದನ್ನು ಸಾವಿರ ಸಲ ನೋಡಿದ್ದಾನೆ. ಇಷ್ಟು ದಪ್ಪದ ದೇಹಕ್ಕೆ ಇಷ್ಟು ಸೂಕ್ಷ್ಮತೆ ಎಲ್ಲಿಂದ ಬಂತು ಎಂದು ಅವನಿಗೆ ಇವತ್ತಿಗೂ ಬೆರಗು.

ಆ ತಕ್ಕಡಿಯನ್ನು ಕಳೆದ ಅಕ್ಟೋಬರಿನಲ್ಲಿ ಅವನು ಮಾರಿದ್ದ. ಪೂರ್ತಿ ಮಾರಿರಲಿಲ್ಲ, ಮುಂಗಡ ತೆಗೆದುಕೊಂಡಿದ್ದ. ಕದ್ರಿಯಲ್ಲಿ ಹೊಸದಾಗಿ ಕೆಫೆ ತೆರೆದಿದ್ದ ಯತಿನ್ ಎಂಬ ಯುವಕ ಬಂದು ತಕ್ಕಡಿಯ ಸುತ್ತ ನಾಲ್ಕು ಸುತ್ತು ಹಾಕಿ ಫೋಟೊ ಹೊಡೆದಿದ್ದ.

"ಕಾಕ, ಇದನ್ನು ನಮ್ಮಲ್ಲಿ ನೇತು ಹಾಕಿದ್ರೆ ಲುಕ್ಕೇ ಬೇರೆ. ಎರಡು ತಟ್ಟೆಯಲ್ಲಿ ಎರಡು ಮನಿಪ್ಲಾಂಟ್ ಇಡುವಾ ಅಂತ."

"ಒಂದು ಗಿಡ ಜಾಸ್ತಿ ಬೆಳೆದು ಆಚೆ ವಾಲಿದ್ರೆ ಎಂತ ಮಾಡ್ತಿ ಮಾರಾಯ?"

"ಕಟ್ ಮಾಡುವುದು, ಅಷ್ಟೇ."

ಹದಿನೈದು ಸಾವಿರಕ್ಕೆ ಮಾತಾಯಿತು, ಎರಡು ಸಾವಿರ ಕೈಗೆ ಬಂತು. ಶನಿವಾರ ಗಾಡಿ ತರುತ್ತೇನೆಂದು ಯತಿನ್ ಹೋದ. ಅಂಗಡಿಯ ಮಾಡು ಸೋರುತ್ತಿತ್ತು, ದುಡ್ಡು ಬೇಕಿತ್ತು. ಖತೀಜಮ್ಮ ಹೊಸ್ತಿಲಲ್ಲಿ ಕೂತೇ ಹೇಳಿದಳು, "ಒಳ್ಳೆದಾಯ್ತು. ಐವತ್ತು ವರ್ಷ ನೀವು ಎಣ್ಣೆ ಹಾಕಿದ್ದು, ಇನ್ನು ಅವರು ನೀರು ಹಾಕ್ಲಿ."

ಅಲಿಯಬ್ಬ ಬಟ್ಟೆ ತೆಗೆದುಕೊಂಡು ತಟ್ಟೆ ಒರೆಸಿದ.

ಬುಧವಾರ ಬೆಳಿಗ್ಗೆ ಅಮ್ಮಣ್ಣಿ ಬಂದಳು. ಅರುವತ್ತರ ಆಸುಪಾಸಿನ ಹೆಂಗಸು, ಬೆಂಗ್ರೆಯವಳು; ದಿನಾ ಫೆರಿಯಲ್ಲಿ ಹೊಳೆ ದಾಟಿ ಈ ದಡಕ್ಕೆ ಕೆಲಸಕ್ಕೆ ಬರುವವಳು. ಗಂಡನ ಕಡೆಯವರೆಲ್ಲ ಕಡಲಿಗೆ ಹೋದವರು. ಅವಳು ಮೊದಲು ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ಮೊಣಕಾಲು ಕೈಕೊಟ್ಟ ಮೇಲೆ, ಒಂಬತ್ತು ವರ್ಷದಿಂದ ಆ ಶೆಡ್ಡಿನಲ್ಲಿ ಕೂತು ಸಿಗಡಿ ಸುಲಿಯುತ್ತಿದ್ದಾಳೆ. ಸುಲಿದ ಸಿಗಡಿಯ ತೂಕಕ್ಕೆ ಕೂಲಿ, ಕಿಲೋಗೆ ಇಪ್ಪತ್ತಾರು ರೂಪಾಯಿ. ಅವಳ ಕೈಯಲ್ಲಿ ಬೈರಾಸು ಟವೆಲ್ಲಿನಲ್ಲಿ ಸುತ್ತಿದ ಒಂದು ಗಂಟಿತ್ತು. ಬಿಚ್ಚಿದರೆ ಹಳೇ ಮಸಾಲೆ ಕಲ್ಲಿನ ಗುಂಡು.

"ಕಾಕ, ಇದನ್ನೊಂದು ತೂಗಿ ಕೊಡಿ."

"ಕಲ್ಲಾ? ದಕ್ಕೆಯಲ್ಲಿ ಮೀನು ಮುಗಿದು ಈಗ ಕಲ್ಲು ಮಾರ್ಲಿಕ್ಕೆ ಶುರು ಮಾಡಿದ್ದಾ ನೀನು?"

"ತಮಾಷೆ ಆಮೇಲೆ. ಮೊದಲು ತೂಗಿ."

ತೂಗಿದ. ಎರಡು ಕಿಲೋ ಆರುನೂರು ಗ್ರಾಂ. ಅಮ್ಮಣ್ಣಿ ಬಗ್ಗಿ ಮುಳ್ಳನ್ನು ನೋಡಿದಳು.

"ಶೆಡ್ಡಿನ ಮೆಷಿನಿನಲ್ಲಿ ಎರಡೂವರೆ ಸರಿಯಾಗಿ ತೋರಿಸಿದೆ. ಸೂಪರ್‌ವೈಸರ್ ಚಾಕ್ಕೆ ಹೋದಾಗ ನಾನೇ ಇಟ್ಟು ನೋಡಿದ್ದು." ಅವಳು ಜಗಲಿಯ ಅಂಚಿನಲ್ಲಿ ಕೂತಳು. "ನನ್ನ ಬೋಗುಣಿಯ ಒಳಗೆ ಮೊಳೆಯಲ್ಲಿ ಗೀರಿದ ಒಂದು ಗೆರೆ ಉಂಟು ಕಾಕ. ಮೊದಲಿನ ಮುಳ್ಳಿನ ಮೆಷಿನಿದ್ದಾಗ ಆ ಗೆರೆಗೆ ತುಂಬಿಸಿದ್ರೆ ಎರಡು ಕಿಲೋ. ಈ ಡಿಜಿಟಲ್ ಬಂದು ಹದಿನಾಲ್ಕು ತಿಂಗಳಾಯ್ತು. ಗೆರೆ ದಾಟಿ ತುಂಬಿಸಿದ್ರೂ ಎರಡು ಆಗುದಿಲ್ಲ. ಹೇಳಿದ್ರೆ ಎಲ್ಲರೂ ನಗಾಡ್ತಾರೆ. ಮೆಷಿನು ಸುಳ್ಳು ಹೇಳ್ತದಾ, ನಿನ್ನ ಕಣ್ಣು ಮಂದ ಆಗಿದೆ ಅಂತ."

"ನನ್ನ ಕಣ್ಣೂ ಮಂದ. ಆದ್ರೆ ಇದರದ್ದು ಅಲ್ಲ."

"ನಿಮ್ಮ ತಕ್ಕಡಿಯೇ ಹಾಳಾಗಿದ್ರೆ? ಇದಕ್ಕೂ ನಿಮ್ಮಷ್ಟೇ ವಯಸ್ಸಾಗಿದೆ."

ಅಲಿಯಬ್ಬನಿಗೆ ಸಿಟ್ಟು ಬರಲಿಲ್ಲ. ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಅವನು ವರ್ಷಗಳಿಂದ ಕಾದಿದ್ದ. ಎದ್ದು, ಬಲಗಡೆ ಇದ್ದ ಗುಂಡುಕಲ್ಲನ್ನು ಎಡಕ್ಕೆ ಹಾಕಿದ, ಎಡಗಡೆ ಇದ್ದ ತೂಕದ ಕಲ್ಲುಗಳನ್ನು ಬಲಕ್ಕೆ ಹಾಕಿದ. ದಂಡ ಎರಡು ಸಲ ಮೇಲೆ ಕೆಳಗೆ ಆಡಿತು. ಮುಳ್ಳು ಮತ್ತೆ ನಡುವಿಗೆ ಬಂದು ನಿಂತಿತು.

"ನೋಡಿದಿಯಾ? ಇದರ ಒಂದು ತೋಳು ಒಂದು ಕೂದಲೆಳೆ ಹೆಚ್ಚು ಉದ್ದ ಇದ್ರೂ, ಜಾಗ ಬದಲಿಸಿದ ಕೂಡ್ಲೆ ಸಿಕ್ಕಿಬೀಳ್ತಿತ್ತು. ಅಪ್ಪ ಹೇಳಿಕೊಟ್ಟದ್ದು. ತಕ್ಕಡಿಯನ್ನು ಪರೀಕ್ಷೆ ಮಾಡ್ಲಿಕ್ಕೆ ಬೇರೆ ಮೆಷಿನು ಬೇಡ, ಅದು ತನ್ನನ್ನು ತಾನೇ ಪರೀಕ್ಷೆ ಮಾಡ್ತದೆ. ನಿಮ್ಮ ಡಿಜಿಟಲಿನದ್ದು ಒಳ್ಳೆ ಕೆಲಸವೇ, ನಾನು ಇಲ್ಲ ಅನ್ನುದಿಲ್ಲ. ಆದ್ರೆ ಅದು ಹೇಳಿದ್ದನ್ನು ನಂಬಬೇಕು. ಇದನ್ನು ನಂಬಬೇಕಂತ ಇಲ್ಲ, ನೋಡಿದ್ರೆ ಸಾಕು."

ಅಮ್ಮಣ್ಣಿ ಬಾಯಿ ತೆರೆದು ಮುಳ್ಳನ್ನೇ ನೋಡುತ್ತಿದ್ದಳು. ಮೂವತ್ತು ವರ್ಷ ತಕ್ಕಡಿ ಹಿಡಿದು ಮೀನು ಮಾರಿದವಳು. ತಟ್ಟೆ ಬದಲಿಸಿ ನೋಡಬಹುದೆಂದು ಅವಳಿಗೂ ಹೊಳೆದಿರಲಿಲ್ಲ. ಆಮೇಲೆ ಅವಳು ನಿಧಾನವಾಗಿ ಕೇಳಿದಳು.

"ಮತ್ತೆ ತೂಕದ ಕಲ್ಲೇ ಸುಳ್ಳಾಗಿದ್ರೆ?"

ಅಲಿಯಬ್ಬನ ಕೈ ಸರಪಳಿಯ ಮೇಲೆ ನಿಂತಿತು. "ಕಲ್ಲು ಸುಳ್ಳಾದ್ರೆ ಪಾಪ ತಕ್ಕಡಿ ಎಂತ ಮಾಡ್ತದೆ," ಎಂದ. ಅವನ ದನಿ ಇಳಿದದ್ದನ್ನು ಅಮ್ಮಣ್ಣಿ ಗಮನಿಸಲಿಲ್ಲ, ಖತೀಜಮ್ಮ ಗಮನಿಸಿದಳು.

ಮರುದಿನ ಹತ್ತು ಗಂಟೆಗೆ ಅಲಿಯಬ್ಬ ತಕ್ಕಡಿಯನ್ನು ಗೋಣಿಯಲ್ಲಿ ಸುತ್ತಿ ರಿಕ್ಷಾದಲ್ಲಿಟ್ಟುಕೊಂಡು ಶೆಡ್ಡಿಗೆ ಹೋದ. ಜೊತೆಗೆ ತೂಕ-ಅಳತೆ ಇಲಾಖೆಯ ಮುದ್ರೆ ಬಿದ್ದ ತನ್ನ ಐದು ಕಿಲೋ ಕಲ್ಲು, ಹಿತ್ತಾಳೆಯ ಸಣ್ಣ ತೂಕದ ಬಟ್ಟುಗಳು. ಹೆಂಗಸರು ಕುಕ್ಕರಗಾಲಲ್ಲಿ ಕೂತು ಸುಲಿಯುತ್ತಿದ್ದರು; ನೆಲವೆಲ್ಲ ಸಿಪ್ಪೆ, ಮಂಜಿನ ನೀರು. ಸೂಪರ್‌ವೈಸರ್ ಯೋಗೀಶ್ ಸುರತ್ಕಲ್ಲಿನ ಹುಡುಗ, ಕೆಟ್ಟವನಲ್ಲ. ಹೆಂಗಸರಿಗೆ ಜ್ವರ ಬಂದರೆ ತನ್ನ ಸ್ಕೂಟರಿನಲ್ಲೇ ಆಸ್ಪತ್ರೆಗೆ ಬಿಟ್ಟು ಬರುವವನು. ಆದರೆ ಗೋಣಿಯೊಳಗಿನ ಕಬ್ಬಿಣ ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ.

"ಎಂತ ಕಾಕ, ಮ್ಯೂಸಿಯಂ ತಂದದ್ದಾ?"

"ಹೌದು, ಟಿಕೆಟ್ ಇಲ್ಲ, ಫ್ರೀ. ನಿನ್ನ ಮೆಷಿನಿನ ಮೇಲೆ ಈ ಕಲ್ಲು ಇಡು ನೋಡುವಾ."

ಇಟ್ಟ. ಕೆಂಪು ಅಂಕೆಗಳು ಓಡಿ ನಿಂತವು: ನಾಲ್ಕು ಕಿಲೋ ಎಂಟುನೂರ ಹತ್ತು ಗ್ರಾಂ. ಸುಲಿಯುವ ಕೈಗಳು ಒಂದೊಂದಾಗಿ ನಿಂತವು.

"ನಿಮ್ಮ ಕಲ್ಲು ಸವೆದಿರ್ಬೇಕು ಕಾಕ," ಎಂದ ಯೋಗೀಶ್. "ಮೆಷಿನನ್ನು ನಾನೇ ಸೆಟ್ ಮಾಡಿದ್ದು. ಆನ್‌ಲೈನ್‌ನಲ್ಲಿ ತರಿಸಿದ್ದು, ಮೊದಲ ವಾರವೇ ಕೆಳಗೆ ಬಿತ್ತು. ವಿಡಿಯೊ ನೋಡಿ ಸರಿ ಮಾಡಿದೆ. ಬಟನ್ ಒತ್ತಿ ಹಿಡಿದು, ಐದು ಕಿಲೋ ಇಟ್ಟು, ಓಕೆ ಕೊಟ್ರೆ ಆಯ್ತು. ಇದೇ ಐದು ಕಿಲೋ ಅಂತ ಅದಕ್ಕೆ ಕಲಿಸಿಕೊಟ್ಟ ಹಾಗೆ."

"ಯಾವ ಐದು ಕಿಲೋ ಇಟ್ಟೆ?"

ಯೋಗೀಶ್ ಆಫೀಸು ಕೋಣೆಯ ಬಾಗಿಲಿಗೆ ಒತ್ತು ಕೊಟ್ಟಿದ್ದ ಕಪ್ಪು ಕಲ್ಲನ್ನು ಎತ್ತಿ ತಂದ. ಆರು ಮೂಲೆಯ ಹಳೇ ಕಾಲದ ಎರಕದ ಕಲ್ಲು, ನೆತ್ತಿಯಲ್ಲಿ ಸರಕಾರದ ಮುದ್ರೆ. ಮೆಷಿನಿನ ಮೇಲಿಟ್ಟ. ಐದು ಕಿಲೋ, ಒಂದು ಗ್ರಾಂ ಆಚೆ ಇಲ್ಲ ಈಚೆ ಇಲ್ಲ.

"ಕಂಡಿತಾ? ಇದಕ್ಕೂ ಮುದ್ರೆ ಉಂಟು. ದೊಡ್ಡ ಧಣಿಗಳ ಕಾಲದ್ದು."

ಅಲಿಯಬ್ಬ ಮಾಡಿನ ಕೊಕ್ಕೆಗೆ ತಕ್ಕಡಿ ನೇತು ಹಾಕಿದ. ಒಂದು ತಟ್ಟೆಗೆ ತನ್ನ ಕಲ್ಲು, ಇನ್ನೊಂದಕ್ಕೆ ಶೆಡ್ಡಿನ ಕಲ್ಲು. ಶೆಡ್ಡಿನ ಕಲ್ಲು ಸೀದಾ ಕೆಳಗೆ ಹೋಗಿ ಕೂತಿತು. ಬದಲಿಸಿ ಹಾಕಿದರು, ಈಗ ಇನ್ನೊಂದು ಕಡೆ ಹೋಗಿ ಕೂತಿತು. ತಕ್ಕಡಿ ತನ್ನ ಕೆಲಸ ಮಾಡಿ ಮುಗಿಸಿತ್ತು: ಎರಡರಲ್ಲಿ ಒಂದು ಸುಳ್ಳು. ಯಾವುದು ಎಂದು ಹೇಳುವುದು ಅದರ ಕೆಲಸವಲ್ಲ. ಎರಡಕ್ಕೂ ಮುದ್ರೆ ಇದೆ. ಒಂದು ಧಣಿಯ ಕಲ್ಲು, ಒಂದು ಬಂದರಿನ ಬ್ಯಾರಿ ಮುಸ್ಲಿಮನ ಕಲ್ಲು. ಇಂಥ ಕಡೆ ಲೋಕ ಯಾರನ್ನು ನಂಬುತ್ತದೆಂದು ಅಲ್ಲಿದ್ದ ಇಪ್ಪತ್ತಮೂರು ಹೆಂಗಸರಿಗೂ ಗೊತ್ತಿತ್ತು.

ಅಲಿಯಬ್ಬ ಶೆಡ್ಡಿನ ಕಲ್ಲನ್ನು ತಿರುವಿ ಹಿಡಿದ. ತಳ ಕಪ್ಪು ಬಣ್ಣ ಮೆತ್ತಿಕೊಂಡು ಸಪಾಟಾಗಿತ್ತು. ಅಂಚಿನಲ್ಲಿ ಹೆಬ್ಬೆರಳು ಆಡಿಸಿದ. ಬೆರಳಿಗೆ ಸಿಕ್ಕಿತು. ಪಕ್ಕಪಕ್ಕದಲ್ಲಿ ಉಳಿಯಿಂದ ಹೊಡೆದ ಎರಡು ಚುಕ್ಕೆ.

ಅವನ ತಂದೆಯ ಗುರುತು ಒಂದು ಚುಕ್ಕೆ. ಅವನದು ಎರಡು.

ಅವನಿಗೆ ಆಗ ಇಪ್ಪತ್ತನಾಲ್ಕು. ಮದುವೆಯಾದ ವರ್ಷ. ಶೆಡ್ಡಿನ ಈಗಿನ ಧಣಿಯ ಅಪ್ಪ ಈ ಕಲ್ಲನ್ನು ಹಿಡಿದುಕೊಂಡು ಬಂದು, ಸುಲಿದ ಸಿಗಡಿ ತೂಗಲು ಸ್ವಲ್ಪ ಭಾರದ ಕಲ್ಲು ಬೇಕು ಅಂದಿದ್ದ. ತಂದೆ ಆಗುವುದಿಲ್ಲ ಎಂದು ಕಳಿಸಿದರು. ಮಧ್ಯಾಹ್ನ ತಂದೆ ನಮಾಜಿಗೆ ಹೋದ ಹೊತ್ತಿಗೆ ಆತ ಮತ್ತೆ ಬಂದ, ನಲವತ್ತು ರೂಪಾಯಿ ಮುಂದಿಟ್ಟ. ಅಲಿಯಬ್ಬ ಸೀಸ ಕರಗಿಸಿ ಕಲ್ಲಿನ ಟೊಳ್ಳು ತಳಕ್ಕೆ ಹೊಯ್ದ, ಉಜ್ಜಿ ಬಣ್ಣ ಹಚ್ಚಿದ. ಕೆಲಸ ಅಚ್ಚುಕಟ್ಟಾಗಿತ್ತು. ಅಚ್ಚುಕಟ್ಟಾದ ಕೆಲಸಕ್ಕೆ ಗುರುತು ಹಾಕಿಯೇ ಅಭ್ಯಾಸವಾದ ಕೈ ಈ ಕಳ್ಳ ಕೆಲಸಕ್ಕೂ ಎರಡು ಚುಕ್ಕೆ ಹೊಡೆದುಬಿಟ್ಟಿತ್ತು. ನಲವತ್ತು ರೂಪಾಯಿಯಲ್ಲಿ ಖತೀಜಮ್ಮನಿಗೊಂದು ಸೀರೆ ಬಂತು. ದೊಡ್ಡ ಧಣಿ ಸತ್ತ, ಕಲ್ಲು ಬಾಗಿಲಿಗೆ ಒತ್ತಾಯಿತು, ಅಲಿಯಬ್ಬ ಅದು ಎಂದೋ ಗುಜರಿಗೆ ಹೋಯಿತೆಂದುಕೊಂಡಿದ್ದ. ಸೀಸ ಮಾತ್ರ ಕಾದು ಕೂತಿತ್ತು. ಯೋಗೀಶ್ ಬಟನ್ ಒತ್ತಿದ ದಿನ ಆ ಹಳೇ ಮೋಸ ಹೊಸ ಮೆಷಿನಿನೊಳಗೆ ಹೊಕ್ಕಿತು: ಐದಕ್ಕಿಂತ ಹೆಚ್ಚಿನ ಭಾರವನ್ನು ಅದು ಐದು ಎಂದೇ ಕಲಿಯಿತು. ಯಾರೂ ಕದಿಯದೆಯೇ ಕಳವು ಶುರುವಾಯಿತು.

ಬಾಯಿ ಮುಚ್ಚಿಕೊಂಡು ತಕ್ಕಡಿ ಕಟ್ಟಿಕೊಂಡು ಹೊರಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಶನಿವಾರ ಯತಿನ್ ಬಂದು ಅದನ್ನು ಒಯ್ಯುತ್ತಿದ್ದ, ಮನಿಪ್ಲಾಂಟು ಬೆಳೆಯುತ್ತಿತ್ತು. ಅಲಿಯಬ್ಬ ತಲೆಯೆತ್ತಿದ. ತಕ್ಕಡಿಯ ದಂಡ ಓರೆಯಾಗಿ, ಕದಲದೆ ನಿಂತಿತ್ತು, ಒಂದು ತಟ್ಟೆ ಬರಿದು, ಇನ್ನೊಂದರಲ್ಲಿ ಅವನ ಸರಿಯಾದ ಕಲ್ಲು. ಅದಕ್ಕೆ ಅವಸರವಿರಲಿಲ್ಲ.

"ಇದರ ಹೊಟ್ಟೆಯಲ್ಲಿ ಸೀಸ ಉಂಟು," ಎಂದ. "ಹಾಕಿದ್ದು ನಾನೇ."

ಅಲಿಯಬ್ಬ ಒಂದು ಉಳಿ, ಒಂದು ಸುತ್ತಿಗೆ ಕೇಳಿದ. ನೆಲದಲ್ಲಿ ಕೂತು ತಳದ ಬಣ್ಣ ಕೆರೆದ. ಒಳಗಿಂದ ಬೂದು ಬಣ್ಣದ ಲೋಹ ಮಿಂಚಿತು. ಸೀಸ ಮೆತ್ತಗಿನ ಲೋಹ, ಚೂರು ಚೂರಾಗಿ ಎದ್ದು ಬಂತು. ಅರ್ಧ ಗಂಟೆಯಾಯಿತು. ಒಬ್ಬಳೂ ಸಿಗಡಿ ಮುಟ್ಟಲಿಲ್ಲ, ಯೋಗೀಶನೂ ಮುಟ್ಟಿ ಅನ್ನಲಿಲ್ಲ.

ಖಾಲಿಯಾದ ಕಲ್ಲನ್ನು ಅಲಿಯಬ್ಬ ತಟ್ಟೆಗೆ ಹಾಕಿದ. ದಂಡ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಮುಳ್ಳು ಅತ್ತ ಹೋಗಿ, ಇತ್ತ ಬಂದು, ತೂಗಾಟ ಕಡಿಮೆ ಮಾಡುತ್ತಾ ಮಾಡುತ್ತಾ ಸರಿಯಾಗಿ ನಡುವಿನಲ್ಲಿ ನಿಂತಿತು. ನಲವತ್ತೇಳು ವರ್ಷದ ಮೇಲೆ ಎರಡು ಕಲ್ಲುಗಳು ಒಂದಕ್ಕೊಂದು ಸಮ. ಹಿಂದೆ ಕೂತಿದ್ದ ಹೆಂಗಸೊಬ್ಬಳು ಅರಿವಿಲ್ಲದೆ ಎದ್ದು ನಿಂತಳು. ಅವಳ ಹಿಂದೆ ಎಲ್ಲರೂ ಎದ್ದರು. ಸೀಸದ ಚೂರುಗಳನ್ನು ಬೇರೆಯಾಗಿ ತೂಗಿದಾಗ ಇನ್ನೂರು ಗ್ರಾಮಿನ ಹಿತ್ತಾಳೆಯ ತೂಕದ ಬಟ್ಟಿಗೆ ಮುಳ್ಳು ನಿಂತಿತು. ಯೋಗೀಶ್ ಆ ಮುಳ್ಳನ್ನು ಮೊಬೈಲಿನಲ್ಲಿ ಫೋಟೊ ತೆಗೆಯಲು ಹೋದವನು ತೆಗೆಯದೆ ಕೈ ಇಳಿಸಿದ.

"ಇದಕ್ಕೆ ಇಷ್ಟು ವರ್ಷ ನೆನಪಿತ್ತಾ?" ಎಂದ, ತನಗೇ ಹೇಳಿಕೊಂಡಂತೆ.

ಅಮ್ಮಣ್ಣಿ ಮುಂದೆ ಬಂದು ಸೀಸದ ಚೂರುಗಳನ್ನು ಅಂಗೈಯಲ್ಲಿ ತುಂಬಿಕೊಂಡಳು. ಭಾರ ನೋಡಿದಳು.

"ನಮ್ಮಮ್ಮ ಇದೇ ಶೆಡ್ಡಿನಲ್ಲಿ ಹದಿನೆಂಟು ವರ್ಷ ಸುಲಿದದ್ದು. ಸಂಜೆ ಬಂದು ಬೈತಿದ್ದಳು, ಇವತ್ತು ಯಾಕೋ ಕೈ ಓಡಲಿಲ್ಲ, ತೂಕ ಬರಲಿಲ್ಲ ಅಂತ. ತನ್ನ ಕೈಯನ್ನೇ ಬೈತಿದ್ದಳು ಕಾಕ. ಇದನ್ನಲ್ಲ."

ಅಲಿಯಬ್ಬ ನೆಲ ನೋಡಿದ. "ನಾನೆಂತ ಹೇಳ್ಬೇಕು ಅಮ್ಮಣ್ಣಿ?"

"ಹೇಳ್ಲಿಕ್ಕೆ ಉಂಟಾದ್ದನ್ನು ಹೇಳಿ ಆಯ್ತಲ್ಲ. ಇನ್ನು ಮುಖ ಒಣಗಿಸಿ ಕೂತ್ರೆ ನಮ್ಮಮ್ಮ ಎದ್ದು ಬರುದಿಲ್ಲ." ಸೀಸವನ್ನು ಬೈರಾಸಿನಲ್ಲಿ ಕಟ್ಟಿಕೊಂಡಳು. "ಆ ತಕ್ಕಡಿ ಇಲ್ಲೇ ಬಿಟ್ಟು ಹೋಗಿ. ನಿಮ್ಮ ಬಾಕಿ ಅದು. ಧಣಿಯ ಬಾಕಿ ಬೇರೆ."

ಧಣಿಯ ಬಾಕಿಯ ಲೆಕ್ಕ ಹಾಕಿದ್ದು ಯೋಗೀಶನೇ. ದಿನಕ್ಕೆ ಒಬ್ಬಳು ಸುಮಾರು ಹನ್ನೆರಡು ಕಿಲೋ ಸುಲಿದರೆ ಕಿಲೋಗೆ ಒಂದರಂತೆ ಹನ್ನೆರಡು ರೂಪಾಯಿ ಖೋತಾ. ಮಳೆಗಾಲದ ರಜೆ ಕಳೆದು ಮುನ್ನೂರು ದಿನ, ಇಪ್ಪತ್ತಮೂರು ಮಂದಿ. ಬರೆದ ಕಾಗದಕ್ಕೆ ತಾನೇ ಸಹಿಯನ್ನೂ ಹಾಕಿದ. ಧಣಿ ಫೋನಿನಲ್ಲಿ ಹೇಳಿದ್ದು ಇಷ್ಟು: "ಬೇಕಂತ ಮಾಡಿದ್ದಲ್ಲವಲ್ಲ. ಗೊತ್ತಿಲ್ಲದೆ ಆದದ್ದಕ್ಕೆ ದುಡ್ಡು ಕೊಡ್ಲಿಕ್ಕೆ ಉಂಟಾ? ಆ ಗುಜರಿಯನ್ನು ಮೊದಲು ಶೆಡ್ಡಿನಿಂದ ಹೊರಗೆ ಹಾಕಿ."

ಹೆಂಗಸರು ಕೈ ಕಟ್ಟಿ ಕೂತರು. ಅವತ್ತು ಬಂದ ಮೂರು ಬೋಟಿನ ಸಿಗಡಿ ಮಂಜಿನಲ್ಲೇ ಕೂತಿತು. ಸಂಜೆ ನಾಲ್ಕಕ್ಕೆ ಧಣಿ ಮತ್ತೆ ಫೋನು ಮಾಡಿ ತಕ್ಕಡಿ ಇರಲಿ ಎಂದ. ದುಡ್ಡಿನ ಮಾತು ಎತ್ತಲಿಲ್ಲ.

ಶನಿವಾರ ಯತಿನ್ ಗಾಡಿ ತಂದಾಗ ಅಂಗಡಿಯ ತೊಲೆ ಬರಿದಾಗಿತ್ತು. ಅಲಿಯಬ್ಬ ಎರಡು ಸಾವಿರ ಎಣಿಸಿ ಕೊಟ್ಟ, ನಡೆದದ್ದನ್ನು ಹೇಳಿದ. ಯತಿನ್ ಬರಿದಾದ ತೊಲೆ ನೋಡಿ, "ಹಾಗಾದ್ರೆ ಅದು ಇನ್ನೂ ಕೆಲಸ ಮಾಡ್ತದಾ ಕಾಕ?" ಎಂದ. ಅಲಂಕಾರಕ್ಕೆಂದು ದುಡ್ಡು ಕೊಟ್ಟವನಿಗೆ ಆ ಸಂಗತಿ ಅದುವರೆಗೆ ಹೊಳೆದೇ ಇರಲಿಲ್ಲ. ಅವನು ಹೋದ ಮೇಲೆ ಅಲಿಯಬ್ಬ ಖತೀಜಮ್ಮನಿಗೆ ಸೀರೆಯ ಕತೆಯನ್ನೂ ಹೇಳಿದ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಅದು ಮೊದಲ ಒಗೆತಕ್ಕೇ ಬಣ್ಣ ಬಿಟ್ಟದ್ದು. ಯಾಕೆ ಅಂತ ಈಗ ಗೊತ್ತಾಯ್ತು." ಒಂದು ಕಲ್ಲು ಹೆಕ್ಕಿ ಆಚೆ ಎಸೆದು ಮತ್ತೆ ಹೇಳಿದಳು, "ಮಾಡು ಸೋರಿದ್ರೆ ಸೋರ್ಲಿ."

ಈಗ ಐದು ತಿಂಗಳಾಯಿತು. ಡಿಜಿಟಲ್ ಮೆಷಿನು ಅಲ್ಲೇ ಇದೆ; ಯೋಗೀಶ್ ಸರಿಯಾದ ಕಲ್ಲಿಟ್ಟು ಅದಕ್ಕೆ ಹೊಸದಾಗಿ ಕಲಿಸಿದ್ದಾನೆ, ಚೆನ್ನಾಗಿಯೇ ತೂಗುತ್ತದೆ. ಅದರ ಪಕ್ಕದಲ್ಲಿ ಕೊಕ್ಕೆಗೆ ಅಲಿಯಬ್ಬನ ತಕ್ಕಡಿ. ದಿನಾ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಅಮ್ಮಣ್ಣಿ ತನ್ನ ಗುಂಡುಕಲ್ಲನ್ನು ತಕ್ಕಡಿಯಲ್ಲಿ ತೂಗುತ್ತಾಳೆ, ತಟ್ಟೆ ಬದಲಿಸಿ ಮತ್ತೆ ತೂಗುತ್ತಾಳೆ, ಆಮೇಲೆ ಮೆಷಿನಿನ ಮೇಲಿಡುತ್ತಾಳೆ. ಎರಡು ಕಿಲೋ ಆರುನೂರು. ಹೊಸಬಳು ಯಾರಾದರೂ ಬಂದರೆ ಅವಳಿಗೆ ಮೊದಲು ಕಲಿಸುವುದು ಸಿಗಡಿ ಸುಲಿಯುವುದನ್ನಲ್ಲ, ತಟ್ಟೆ ಬದಲಿಸುವುದನ್ನು. ಸೋಮವಾರ ಅಲಿಯಬ್ಬ ನಡೆದುಕೊಂಡು ಬಂದು ಅಲಗು ಒರೆಸಿ, ದಂಡಕ್ಕೆ ಎಣ್ಣೆ ಸವರಿ ಹೋಗುತ್ತಾನೆ. ಕೂಲಿ ತೆಗೆದುಕೊಳ್ಳುವುದಿಲ್ಲ. 'ಕಾಕ, ಇನ್ನು ಎಷ್ಟು ವರ್ಷ?' ಎಂದು ಯೋಗೀಶ್ ಕೇಳಿದರೆ ಹದಿನೆಂಟು ಅನ್ನುತ್ತಾನೆ. ಒರೆಸಿ ಮುಗಿದ ಮೇಲೆ ಎರಡೂ ಕಡೆ ಭಾರ ಇಟ್ಟು, ಕಿಸೆಯಿಂದ ಒಂದು ರೂಪಾಯಿ ನಾಣ್ಯ ತೆಗೆದು ಒಂದು ತಟ್ಟೆಗೆ ಹಾಕಿ ನೋಡುತ್ತಾನೆ. ಇಪ್ಪತ್ತು ಕಿಲೋ ತಲೆ ಬಾಗಿಸುತ್ತದೆ. ಹೆಂಗಸರು ಕೈ ನಿಲ್ಲಿಸಿ ಅದನ್ನು ನೋಡುತ್ತಾರೆ, ಪ್ರತಿ ಸೋಮವಾರವೂ.

ಎಂಬತ್ತೆರಡು ಸಾವಿರದ ಎಂಟುನೂರು ಬಂದಿಲ್ಲ. ತಪ್ಪು ಮಾಡಿದವನು ಒಪ್ಪಿಕೊಂಡಿದ್ದಾನೆ, ತಿಳಿಯದೆ ಮಾಡಿದವನು ಸಹಿ ಹಾಕಿದ್ದಾನೆ, ತೂಕ ಸಾಬೀತಾಗಿದೆ, ಸೀಸ ಅಮ್ಮಣ್ಣಿಯ ಬೈರಾಸಿನಲ್ಲಿದೆ. ಲಾಭ ತಿಂದವನೊಬ್ಬನೇ ಗೊತ್ತಿರಲಿಲ್ಲ ಅನ್ನುತ್ತಿದ್ದಾನೆ. ಆ ಶೆಡ್ಡಿನ ಸಿಗಡಿ ಸುರತ್ಕಲ್ಲಿನಿಂದ ಪಡೀಲಿನವರೆಗೆ ನಿಮ್ಮೆಲ್ಲರ ತಟ್ಟೆಗೆ ಬರುತ್ತದೆ. ಬೆಲೆಯನ್ನು ನೀವು ಪೂರ್ತಿ ಕೊಟ್ಟಿದ್ದೀರಿ. ಅದರಲ್ಲಿ ಈ ಹೆಂಗಸರ ಪಾಲು ದಾರಿಯಲ್ಲಿ ಎಲ್ಲಿ ನಿಂತಿತು ಎಂದು ಕೇಳುವ ಹಕ್ಕು ನಿಮಗಿದೆ. ಧಣಿ ಸೋಮವಾರ ಹತ್ತು ಗಂಟೆಗೆ ಶೆಡ್ಡಿಗೆ ಬರುತ್ತಾನೆ. ನೀವೂ ಬನ್ನಿ, ಆ ತಕ್ಕಡಿಯ ಕೆಳಗೆ ನಿಂತು ಅವನನ್ನು ಕೇಳಿ. ಬರುವಾಗ ಕೈಯಲ್ಲಿ ನಿಮ್ಮ ಮನೆಯದೊಂದು ಕಲ್ಲು ಇರಲಿ. ಎಸೆಯಲಿಕ್ಕಲ್ಲ, ತೂಗಲಿಕ್ಕೆ.